ಉದ್ರಿ ಖಾತೆಯ ಸೇವೆ

ಸೇಡಂ ತಾಲ್ಲೂಕಿನ ಓದುಗರೊಬ್ಬರ ಪತ್ರ ಬಂದಿದೆ. ಅವರ ಚರ್ಚಿನ ಸಭೆಯವರು ಪ್ರತಿ ಭಾನುವಾರ ಆರಾಧನೆ ಮುಗಿಸಿ ಆಸ್ಪತ್ರೆಗೆ ಹೋಗಿ, ರೋಗಿಗಳ ಜೊತೆಗಿರುವ 40 ಮಂದಿಗೆ ಊಟ ಹಂಚುತ್ತಾರೆ. ಒಂಬತ್ತು ಜನರಿದ್ದ ತಂಡ ಈಗ ಮೂವರಿಗೆ ಇಳಿದಿದೆ. ಅವರು ಕೇಳುತ್ತಾರೆ: ‘ಒಂದು ವಾರ ತಪ್ಪಿದರೂ ಮಗನ ಪರೀಕ್ಷೆಗೆ ಏನಾದೀತೋ ಎಂಬ ದಿಗಿಲು. ದೇವರಲ್ಲಿ ಭರವಸೆ ಇಟ್ಟವಳು ಹೀಗೆ ಹೆದರಿ ದುಡಿಯಬಹುದೇ? ಮನಸ್ಸು ಶುದ್ಧವಾಗುವ ತನಕ ಬಿಟ್ಟುಬಿಡಲೇ?’

ಬಿಡಬೇಡಿ. ಹಸಿದವರು ನಿಮ್ಮ ಮನಸ್ಸು ಸೋಸಿ ನೋಡಿ ಉಣ್ಣುವುದಿಲ್ಲ. ಉಡಲು ತಿನ್ನಲು ಇಲ್ಲದವನಿಗೆ ಬರಿಮಾತಿನ ಹಾರೈಕೆ ಕೊಟ್ಟು ಕಳಿಸುವವರನ್ನು ಬೈಬಲಿನ ಯಾಕೋಬನ ಪತ್ರ 2ನೇ ಅಧ್ಯಾಯದಲ್ಲಿ ನೇರವಾಗಿಯೇ ತರಾಟೆಗೆ ತೆಗೆದುಕೊಳ್ಳುತ್ತದೆ. ಆದರೆ ನಿಮ್ಮ ದಿಗಿಲಿಗೆ ಹೆಸರಿಡಬೇಕು. ಅದು ಉದ್ರಿ ಖಾತೆ. ಈ ಕಡೆ ಅನ್ನದ ತಟ್ಟೆಗಳು ಜಮಾ, ಆ ಕಡೆ ಮಗನ ಪಾಸು ಬಾಕಿ. ಕಿರಾಣಿ ಅಂಗಡಿಯಲ್ಲಿ ನಡೆಯುವ ಈ ಲೆಕ್ಕ ತಂದೆಯ ಮನೆಯಲ್ಲಿ ನಡೆಯುವುದಿಲ್ಲ. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಸಾಲುಗಳ ಕ್ರಮ ಗಮನಿಸಿ. ರಕ್ಷಣೆ ಕೃಪೆಯಿಂದ, ಕ್ರಿಯೆಗಳಿಂದಲ್ಲ ಎಂಬುದು 8, 9ನೇ ವಚನ. ಸತ್ಕ್ರಿಯೆಗಳ ಮಾತು ಬರುವುದು 10ರಲ್ಲಿ. ನೀವು 10ನ್ನು ಎತ್ತಿ 8ರ ಮುಂದೆ ಇಟ್ಟಿದ್ದೀರಿ.

ಯೋಹಾನ 13ನ್ನು ಮತ್ತೊಮ್ಮೆ ತೆರೆಯಿರಿ. ಯೇಸು ಶಿಷ್ಯರ ಕಾಲು ತೊಳೆದ ಪ್ರಸಂಗ ಎಲ್ಲರಿಗೂ ಬಾಯಿಪಾಠ, ಅದರ ಹಿಂದಿನ 3ನೇ ವಚನ ಮಾತ್ರ ಕಣ್ಣು ತಪ್ಪಿಸಿಕೊಳ್ಳುತ್ತದೆ. ತಂದೆ ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ, ತಾನು ದೇವರ ಬಳಿಯಿಂದ ಬಂದವನು, ದೇವರ ಬಳಿಗೇ ಹೋಗುವವನು ಎಂದು ಯೇಸುವಿಗೆ ತಿಳಿದಿತ್ತು. ಅದು ತಿಳಿದಿದ್ದಾಗಲೇ ಎದ್ದು ಸೊಂಟಕ್ಕೆ ಟವೆಲ್ ಕಟ್ಟಿಕೊಂಡನು. ಗಳಿಸಬೇಕಾದದ್ದು ಏನೂ ಉಳಿದಿರಲಿಲ್ಲ, ಕಳೆದುಕೊಳ್ಳುವ ಭಯವೂ ಇರಲಿಲ್ಲ. ಅದಕ್ಕೇ ಆಳಿನ ಕೆಲಸಕ್ಕೆ ಬಗ್ಗಲು ಸಾಧ್ಯವಾಯಿತು. ಆ ಪಂಕ್ತಿಯಲ್ಲಿ ಅವನನ್ನು ಹಿಡಿದುಕೊಡಲಿದ್ದ ಯೂದನೂ ಕೂತಿದ್ದ. ಮುಯ್ಯಿ ಬರುತ್ತದೆಂದು ತೊಳೆಯುವವನಾದರೆ ಅವನೊಬ್ಬನನ್ನು ಬಿಟ್ಟು ಮುಂದಕ್ಕೆ ಹೋಗಬೇಕಿತ್ತು. (ಕಲಬುರಗಿ ಸೀಮೆಯವರಿಗೆ ಇದನ್ನು ಬಹಳ ಬಿಡಿಸಿ ಹೇಳಬೇಕಿಲ್ಲ, ದಾಸೋಹ ಎಂಬ ಮಾತಿನಲ್ಲೇ ನಾನು ದಾಸ ಎಂಬುದಿದೆ.)

ಇನ್ನು ಅಡುಗೆಮನೆ. ದಿಗಿಲು ಮೊದಲು ಅಳತೆಯನ್ನೇ ಕೆಡಿಸುತ್ತದೆ. 40 ಜನಕ್ಕೆ ನಾಲ್ಕೂವರೆ ಕಿಲೊ ಅಕ್ಕಿ, ಸುಮಾರು 1,200 ಗ್ರಾಂ ತೊಗರಿಬೇಳೆ ಸಾಕು. ‘ಕಡಿಮೆ ಬಿದ್ದರೆ?’ ಎಂದು ಏಳು ಕಿಲೊ ಬೇಯಿಸುತ್ತೀರಿ, ಉಳಿದದ್ದನ್ನು ಪಾತ್ರೆಯಲ್ಲೇ ಮುಚ್ಚಿಟ್ಟು ಸಂಜೆ ಹಂಚುತ್ತೀರಿ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಸೆಕೆಯಲ್ಲಿ ಬೆಂದ ಅನ್ನ ಆರತೊಡಗಿದ ಮೇಲೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿರಬಾರದು. ಅದರಲ್ಲಿ ಹುಟ್ಟುವ ಒಂದು ಬಗೆಯ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಿಮೋಚನಕಾಂಡ 16ರಲ್ಲಿ ಅರಣ್ಯದಲ್ಲಿ ದೇವರು ದಿನದಿನವೂ ಕೊಟ್ಟ ಮನ್ನ ಎಂಬ ಆಹಾರವನ್ನು ನಾಳೆಗೆಂದು ಎತ್ತಿಟ್ಟಾಗ ಅದರಲ್ಲಿ ಹುಳ ಬಿದ್ದಿತ್ತು. ತಲೆಗೆ ಒಂದು ಓಮೆರ್ ಎಂಬ ಅಳತೆಯನ್ನು ಕೊಟ್ಟದ್ದೂ ದೇವರೇ. ಶನಿವಾರ ವಾರ್ಡಿಗೆ ಹೋಗಿ ತಲೆ ಎಣಿಸಿ ಬನ್ನಿ, ಎಣಿಸಿದಷ್ಟಕ್ಕೆ ಅಕ್ಕಿ ತೊಳೆಯಿರಿ.

ಮೂವರಿಂದ ಪ್ರತಿ ವಾರ 40 ಊಟ ಆಗದ ಮಾತು. ವಾರ ಬಿಟ್ಟು ವಾರ ಮಾಡಿ. ಇಲ್ಲವೇ ವಾರಕ್ಕೆ 20ಕ್ಕೆ ನಿಲ್ಲಿಸಿ, ಮಕ್ಕಳ ವಾರ್ಡಿನಿಂದ ಶುರು ಮಾಡಿ. ಆಸ್ಪತ್ರೆಯವರಿಗೆ ಎರಡು ವಾರ ಮುಂಚೆಯೇ ಹೇಳಿಬಿಡಿ. ಹೇಳದೆ ನಿಂತರೆ ಊಟ ಬರುತ್ತದೆಂದು ಕಾದವರು ಉಪವಾಸ ಕೂರುತ್ತಾರೆ. ಉಳಿದ 20 ಮಂದಿಯನ್ನು ನೋಡಿಕೊಳ್ಳುವ ದೇವರು ನಿಮ್ಮ ಸೌಟಿಗೆ ಕಟ್ಟುಬಿದ್ದವನಲ್ಲ. ಇದನ್ನು ಒಪ್ಪಿಕೊಳ್ಳುವುದು ಅನ್ನ ಹಂಚುವುದಕ್ಕಿಂತ ಕಷ್ಟ. ಬಿಟ್ಟುಹೋದ ಆರು ಜನರ ಮೇಲೆ ಸಿಟ್ಟಿದ್ದರೆ ಅಪೊಸ್ತಲರ ಕೃತ್ಯಗಳು 6ನ್ನು ಓದಿ. ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂಬ ಗುಣುಗುಟ್ಟುವಿಕೆ ಎದ್ದಾಗ ಅಪೊಸ್ತಲರು ‘ನಂಬಿಕೆ ಇಡಿ’ ಎಂದು ಬಾಯಿ ಮುಚ್ಚಿಸಲಿಲ್ಲ, ಏಳು ಜನರನ್ನು ಆರಿಸಲು ಸಭೆಗೇ ಹೇಳಿ ಅವರಿಗೆ ಕೆಲಸ ಒಪ್ಪಿಸಿದರು. ನೀವೂ ಸಭೆಯಲ್ಲಿ ನಿರ್ದಿಷ್ಟವಾಗಿ ಕೇಳಿ: ತಿಂಗಳಿಗೊಂದು ಭಾನುವಾರ, ಎರಡೇ ಗಂಟೆ, ತರಕಾರಿ ಹೆಚ್ಚಲು ಒಬ್ಬರು, ಪಾತ್ರೆ ಸಾಗಿಸಲು ಒಬ್ಬರು. ‘ಯಾರಾದರೂ ಬನ್ನಿ’ ಎಂದರೆ ಯಾರೂ ಬರುವುದಿಲ್ಲ. ಕಾಣಿಕೆ ಹಣ ಇಬ್ಬರ ಕೈಯಲ್ಲಿ ಎಣಿಕೆಯಾಗಲಿ.

ಮಗನ ಪರೀಕ್ಷೆಯ ವಾರ ಬೇಕೆಂದೇ ರಜೆ ಹಾಕಿ, ಸೌಟನ್ನು ಇನ್ನೊಬ್ಬರ ಕೈಗೆ ಕೊಟ್ಟು ಮನೆಯಲ್ಲಿರಿ. ಹುಡುಗ ಪಾಸಾದರೂ ಫೇಲಾದರೂ ಮುಂದಿನ ವಾರ ಹೋಗಿ.

ಊಟಕ್ಕೆ ಮುಂಚೆ ಎಲ್ಲರಿಗೂ ಪ್ರಾರ್ಥನೆ ಮಾಡಿಸಬೇಕೇ ಎಂದೂ ಕೇಳಿದ್ದೀರಿ. ಬೇಡ. ತಟ್ಟೆ ಮೊದಲು ಕೈಗೆ ಹೋಗಲಿ, ಇಲ್ಲದಿದ್ದರೆ ಪ್ರಾರ್ಥನೆ ಅನ್ನದ ಬೆಲೆಯಾಗುತ್ತದೆ. ಯಾರಾದರೂ ತಾವಾಗಿ ಕೇಳಿಕೊಂಡರೆ ಪಕ್ಕದಲ್ಲಿ ಕೂತು ಮೆಲ್ಲಗೆ ಪ್ರಾರ್ಥಿಸಿ. ಹಂಚುವ ಮೊದಲು ನರ್ಸ್ ಹತ್ತಿರ ಒಂದು ಮಾತು ಕೇಳಿಕೊಳ್ಳಿ: ಶಸ್ತ್ರಚಿಕಿತ್ಸೆಗೆಂದು ಹೊಟ್ಟೆ ಖಾಲಿ ಇಟ್ಟುಕೊಂಡವರು ಯಾವ ಹಾಸಿಗೆಯಲ್ಲಿದ್ದಾರೆ ಎಂದು. ಜೊತೆಗಿರುವವರು ಪ್ರೀತಿಯಿಂದ ಅವರಿಗೂ ಎರಡು ತುತ್ತು ತಿನ್ನಿಸಿಬಿಡುತ್ತಾರೆ.