ಕಾಡಿಗೆ ಯಾರೂ ಗೊಬ್ಬರ ಹಾಕುವುದಿಲ್ಲ, ಮತ್ತೆ ಮರಗಳಿಗೆ ಪೋಷಕಾಂಶ ಎಲ್ಲಿಂದ?

ಹೆಚ್ಚಿನದು ಹೊಸದಾಗಿ ಬರುವುದೇ ಇಲ್ಲ, ಇದ್ದದ್ದೇ ಸುತ್ತುತ್ತಿರುತ್ತದೆ. ಹೊಲದಿಂದ ಬೆಳೆ ಕೊಯ್ದು ಹೊರಗೆ ಸಾಗಿಸುತ್ತೇವೆ, ಅದಕ್ಕೇ ಗೊಬ್ಬರ ಬೇಕು. ಕಾಡಲ್ಲಿ ಬಿದ್ದದ್ದು ಅಲ್ಲೇ ಉಳಿಯುತ್ತದೆ, ಅಲ್ವಾ?

ಮರ ಸುಮ್ನೆ ಎಲೆ ಉದುರಿಸುವುದೂ ಇಲ್ಲ. ಅದಕ್ಕೂ ಮುಂಚೆ ಎಲೆಯಲ್ಲಿರುವ ಸಾರಜನಕ, ರಂಜಕದಲ್ಲಿ ಸುಮಾರು ಅರ್ಧದಷ್ಟನ್ನು ವಾಪಸ್ ಎಳೆದುಕೊಳ್ಳುತ್ತದೆ. ಉದುರಿದ್ದನ್ನು ಗೆದ್ದಲು, ಎರೆಹುಳು ತಿಂದು ಪುಡಿ ಮಾಡುತ್ತವೆ, ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು ಕೊಳೆಸುತ್ತವೆ.

ಒದ್ದೆ ತರಗೆಲೆ ಸರಿಸಿ ನೋಡಿ, ಬಿಳಿ ನೂಲಿನಂಥ ಎಳೆಗಳು ಕಾಣುತ್ತವೆ. ಅದೇ ಶಿಲೀಂಧ್ರ. ಕೆಲವು ಬಗೆಯವು ಬೇರಿಗೇ ಅಂಟಿಕೊಂಡು, ಬೇರು ತಲುಪದ ಸಂದಿಗಳಿಂದ ರಂಜಕ, ನೀರು ತಂದುಕೊಡುತ್ತವೆ. ಬದಲಿಗೆ ಮರ ಸಕ್ಕರೆ ಕೊಡುತ್ತದೆ. ಇದನ್ನು ಸ್ನೇಹ ಅನ್ನುವವರೇ ಜಾಸ್ತಿ. ನನಗಂತೂ ಅಪ್ಪಟ ವ್ಯಾಪಾರದ ಹಾಗೆ ಕಾಣುತ್ತದೆ. ಮಣ್ಣಲ್ಲಿ ರಂಜಕ ಧಾರಾಳವಾಗಿದ್ದರೆ ಎಷ್ಟೋ ಗಿಡಗಳು ಶಿಲೀಂಧ್ರಕ್ಕೆ ಸಕ್ಕರೆ ಕೊಡಲು ಕೈ ಬಿಗಿ ಹಿಡಿಯುತ್ತವೆ!

ಸಾರಜನಕದ ಕಥೆ ಬೇರೆ. ಗಾಳಿಯಲ್ಲಿ 78% ಅದೇ ಇದ್ದರೂ ಗಿಡ ನೇರವಾಗಿ ಬಳಸಲಾರದು. ಅವರೆ, ಹೆಸರಿನಂಥ ಗಿಡದ ಬೇರಲ್ಲಿ ಸಣ್ಣ ಗಂಟುಗಳಿರುತ್ತವೆ. ಒಡೆದಾಗ ಒಳಗೆ ಗುಲಾಬಿ ಬಣ್ಣ ಕಂಡರೆ, ಅಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒಗ್ಗುವ ರೂಪಕ್ಕೆ ತರುತ್ತಿದೆ ಎಂದರ್ಥ.

ಪ್ರಾಣಿಗಳದ್ದೂ ಪಾಲಿದೆ. ಅಲಾಸ್ಕಾದಲ್ಲಿ ಸಮುದ್ರದಿಂದ ನದಿಗೆ ಬರುವ ಸಾಲ್ಮನ್ ಮೀನನ್ನು ಕರಡಿಗಳು ಕಾಡಿಗೆ ಎಳೆದೊಯ್ದು, ಅರ್ಧಂಬರ್ಧ ತಿಂದು ಬಿಡುತ್ತವೆ. ಆ ಸಮುದ್ರದ ಸಾರಜನಕ ನದಿದಡದ ಮರಗಳಲ್ಲಿ ಪತ್ತೆಯಾಗಿದೆ.

ಹಾಗಂತ ಸೋರಿಕೆಯೇ ಇಲ್ಲವೆಂದಲ್ಲ. ಮಳೆನೀರಲ್ಲಿ ಒಂದಿಷ್ಟು ಕೊಚ್ಚಿಹೋಗುತ್ತದೆ, ಬಂಡೆ ಸವೆದು ಒಂದಿಷ್ಟು ನಿಧಾನವಾಗಿ ಸೇರುತ್ತದೆ.