ಕೂಕಬರಾ ನಾಣ್ಯಕ್ಕೆ ವಿಭೂತಿ ಹಚ್ಚಬೇಡಿ

ಪ್ರಶ್ನೆ: ಸರ್, ನನ್ನ ಹತ್ತಿರ ಆಸ್ಟ್ರೇಲಿಯಾದ ಕೂಕಬರಾ ಹಕ್ಕಿ, ಕೊವಾಲಾ ಪ್ರಾಣಿಯ ಚಿತ್ರವಿರುವ ಬೆಳ್ಳಿ ನಾಣ್ಯಗಳಿವೆ. ಅಂಚು ಕಪ್ಪಾಗುತ್ತಿದೆ. ಒಂದರ ಮೇಲೆ ಬಿಳಿ ಚುಕ್ಕೆಗಳೂ ಬಂದಿವೆ. ವರಮಹಾಲಕ್ಷ್ಮಿ ಹಬ್ಬಕ್ಕೆ ದೇವರ ಮುಂದೆ ಇಡಬೇಕು ಅಂತ ಅಮ್ಮ ಹೇಳ್ತಿದ್ದಾರೆ. ಯಾವುದರಲ್ಲಿ ತೊಳೆಯಲಿ? (ಬಸವನಗುಡಿಯಿಂದ)

ಉತ್ತರ: ಶ್ರಾವಣ ಹತ್ತಿರ ಬಂತು ಅಂದ್ರೆ ಈ ಪ್ರಶ್ನೆ ಬಂದೇ ಬರುತ್ತದೆ. ಯಾವುದರಲ್ಲೂ ತೊಳೆಯಬೇಡಿ. ವಿಭೂತಿ, ಹುಣಸೆಹಣ್ಣು, ಹಲ್ಲುಪುಡಿ, ಟೂತ್‌ಪೇಸ್ಟ್ ಯಾವುದೂ ಬೇಡ. ಅವೆಲ್ಲ ದೀಪಕ್ಕೆ, ಕುಂಕುಮದ ಬಟ್ಟಲಿಗೆ ಸರಿ. ಬಟ್ಟಲಿಗೆ ಗೀರು ಬಿದ್ದರೆ ಯಾರೂ ಭೂತಗನ್ನಡಿ ಹಿಡಿದು ನೋಡುವುದಿಲ್ಲ. ನಾಣ್ಯ ಕೊಳ್ಳುವವರು ನೋಡುವುದೇ ಹಾಗೆ. ಅದೂ ಅಲ್ಲದೆ ಈ ನಾಣ್ಯಗಳು 99.9 ಪರ್ಸೆಂಟ್‌ಗಿಂತ ಕಡಿಮೆ ಶುದ್ಧತೆಯವಲ್ಲ. ಅಷ್ಟು ಶುದ್ಧ ಬೆಳ್ಳಿ ಮೆತ್ತಗಿರುತ್ತದೆ. ಬನಿಯನ್ ಬಟ್ಟೆಯಲ್ಲಿ ಒರೆಸಿದರೂ ಗೀರು ಬೀಳುತ್ತದೆ.

ಕಪ್ಪು ಅಂದರೆ ಕೊಳೆ ಅಲ್ಲ. ಗಾಳಿಯಲ್ಲಿರುವ ಗಂಧಕದ ಅನಿಲ ಬೆಳ್ಳಿಯ ಜೊತೆ ಸೇರಿ ಆದ ತೆಳು ಪದರ. ಮೊದಲು ಹಳದಿ, ಆಮೇಲೆ ಕಂದು, ನೀಲಿ, ಕೊನೆಗೆ ಕಪ್ಪು. ಆ ಪದರದಲ್ಲಿ ಇರುವುದೂ ನಿಮ್ಮದೇ ಬೆಳ್ಳಿ. ಉಜ್ಜಿದಷ್ಟೂ ಹಕ್ಕಿಯ ರೆಕ್ಕೆ ಸವೆಯುತ್ತದೆ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ಹಳೇ ಪೇಪರ್, ಇವೆಲ್ಲ ಕಪ್ಪು ಬೇಗ ಬರಿಸುತ್ತವೆ. ರಾಜಕಾಲುವೆ ಪಕ್ಕ ಮನೆಯಿದ್ದರೆ ಇನ್ನೂ ಬೇಗ. ಚರಂಡಿ ನಾತದಲ್ಲಿ ಇರುವುದೂ ಅದೇ ಅನಿಲ.

ಇನ್ನು ವಿಡಿಯೋ ಪಂಡಿತರ ವಿಷಯ. ಅಲ್ಯೂಮಿನಿಯಂ ಫಾಯಿಲ್ ಹಾಸಿ, ಅಡುಗೆ ಸೋಡಾ, ಬಿಸಿನೀರು ಹಾಕಿ ನಾಣ್ಯ ಮುಳುಗಿಸಿ ಅಂತಾರೆ. ಗಂಧಕ ಅಲ್ಯೂಮಿನಿಯಂಗೆ ಹೋಗುವುದೇನೋ ನಿಜ. ಆದರೆ ನಾಣ್ಯದ ಮೂಲ ಹೊಳಪು ತಿರುಗಿ ಬರುವುದಿಲ್ಲ, ಮುಖ ಬೆಂದ ಬದನೆಕಾಯಿಯ ಹಾಗೆ ಮಂಕಾಗುತ್ತದೆ. ಆಭರಣದ ಅಂಗಡಿಯ ಡಿಪ್ ದ್ರಾವಣವೂ ಬೇಡ. ಅದು ಮೇಲಿನ ಪದರವನ್ನೇ ಕರಗಿಸುತ್ತದೆ.

ಬಿಳಿ ಚುಕ್ಕೆಗೆ ಸಂಗ್ರಹಕಾರರು ಮಿಲ್ಕ್ ಸ್ಪಾಟ್ ಅನ್ನುತ್ತಾರೆ. ಕಲಬೆರಕೆ ಅಲ್ಲ, ನಿಮ್ಮ ತಪ್ಪೂ ಅಲ್ಲ. ಆಸ್ಟ್ರೇಲಿಯಾದ ಪರ್ತ್ ಮತ್ತು ಕೆನಡಾ ಟಂಕಸಾಲೆಗಳ ನಾಣ್ಯಗಳಲ್ಲಿ ಜಾಸ್ತಿ ಕಾಣುತ್ತದೆ, ಕ್ಯಾಪ್ಸೂಲ್ (ನಾಣ್ಯದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ) ಒಳಗಿದ್ದರೂ ಬರುತ್ತದೆ. ಇದರ ಕಾಟ ತಡೆಯಲಾರದೆ ಕೆನಡಾದವರು 2018ರಲ್ಲಿ ಮಿಂಟ್‌ಶೀಲ್ಡ್ ಅನ್ನುವ ಹೊಸ ವಿಧಾನವನ್ನೇ ತಂದರು. ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ ಅನ್ನುವವರಿದ್ದಾರೆ. ಚುಕ್ಕೆ ಹೋಗಿ ಗೀರು ಉಳಿಯುತ್ತದೆ, ಅಷ್ಟೇ ಲಾಭ.

ನಾನು ಒಪ್ಪುವ ದ್ರಾವಣ ಒಂದೇ, ಶುದ್ಧ ಅಸಿಟೋನ್. ಅದೂ ಅಗ್ಗದ ಪಿವಿಸಿ ಪ್ಲಾಸ್ಟಿಕ್ ಕವರ್‌ನಲ್ಲಿಟ್ಟು ಹಸಿರು ಅಂಟು ಹಿಡಿದಿದ್ದರೆ ಮಾತ್ರ. ನೇಲ್ ಪಾಲಿಶ್ ರಿಮೂವರ್ ಅಲ್ಲ, ಅದರಲ್ಲಿ ಬಣ್ಣ, ಎಣ್ಣೆ ಇರುತ್ತದೆ. ಗಾಜಿನ ಬಟ್ಟಲಲ್ಲಿ ಅದ್ದಿ ತೆಗೆಯಿರಿ, ಉಜ್ಜಬೇಡಿ. ಕಿಟಕಿ ತೆರೆದಿರಲಿ, ಹತ್ತಿರ ಒಲೆ, ದೀಪ ಇರಬಾರದು. ಆಮೇಲೆ ಕ್ಯಾಪ್ಸೂಲ್‌ಗೆ ಹಾಕಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಡಿ.

ಹಬ್ಬಕ್ಕೆ? ಕ್ಯಾಪ್ಸೂಲ್ ಸಮೇತ ಇಡಿ. ಅರಿಶಿನ ಕುಂಕುಮ ಹಚ್ಚಲು, ಪಂಚಾಮೃತ ಹಾಕಲು ಅಂಗಡಿಯ ಒಂದು ಲಕ್ಷ್ಮಿ ನಾಣ್ಯ ತನ್ನಿ. ಅಮ್ಮನಿಗೂ ಅದೇ ಇಷ್ಟವಾಗುತ್ತದೆ. ಪಾಪ, ಕೊವಾಲಾಗೆ ಅಭಿಷೇಕ ಯಾಕೆ?

ಪ್ರಶ್ನೆ: ನಾಣ್ಯದ ಮೇಲೆ ಐಸ್ ಇಟ್ಟರೆ ಬೇಗ ಕರಗಿತು. ಅಸಲಿ ಅಲ್ವಾ? (ವಿಜಯನಗರದಿಂದ)

ಉತ್ತರ: ತಾಮ್ರದ ಮೇಲೂ ಹಾಗೇ ಕರಗುತ್ತದೆ. ಬೆಳ್ಳಿ ಲೇಪದ ತಾಮ್ರ ಈ ಪರೀಕ್ಷೆಯಲ್ಲಿ ಆರಾಮಾಗಿ ಪಾಸ್. ಎರಡು ದಶಮಾಂಶ ತೋರಿಸುವ ಸಣ್ಣ ತಕ್ಕಡಿ ತನ್ನಿ. ಒಂದು ಔನ್ಸ್ (ಚಿನ್ನ, ಬೆಳ್ಳಿ ತೂಗುವ ಟ್ರಾಯ್ ಔನ್ಸ್) ನಾಣ್ಯ 31.1 ಗ್ರಾಂ ಇರಬೇಕು. ಆಮೇಲೆ ತಕ್ಕಡಿ ಮೇಲೆ ಡಿಸ್ಟಿಲ್ಡ್ ವಾಟರ್ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳ ಮುಟ್ಟದ ಹಾಗೆ ಪೂರ್ತಿ ಮುಳುಗಿಸಿ. ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಬೆಳ್ಳಿಯಾದರೆ ಸುಮಾರು 2.96 ಗ್ರಾಂ ತೋರಿಸುತ್ತದೆ. ಅದೇ ತೂಕದ ತಾಮ್ರವಾದರೆ 3.47ರ ಹತ್ತಿರ. ಈಗಷ್ಟೇ ತೊಳೆಯಬೇಡಿ ಅಂದಿರಲ್ಲ ಅಂತ ಕೇಳಬೇಡಿ. ಮುಳುಗಿಸಿ ತೆಗೆಯುವುದು ಬೇರೆ, ಉಜ್ಜುವುದು ಬೇರೆ. ಇನ್ನೊಂದು: ಚೀನಾದ ಪಾಂಡಾ ಬೆಳ್ಳಿ ನಾಣ್ಯ 2016ರಿಂದ 30 ಗ್ರಾಂ. ತೂಕ ಕಡಿಮೆ ಅಂತ ಮಾರಿದವರ ಜೊತೆ ಜಗಳಕ್ಕೆ ಹೋಗಬೇಡಿ.

ಪ್ರಶ್ನೆ: ತಾತನ ಪೆಟ್ಟಿಗೆಯಲ್ಲಿ 1947ರ ಹುಲಿ ರೂಪಾಯಿ ಸಿಕ್ಕಿದೆ. ಎಷ್ಟು ಬೆಳ್ಳಿ ಇದೆ?

ಉತ್ತರ: ಒಂದು ಚೂರೂ ಇಲ್ಲ, ನಿಕ್ಕಲ್. ಅಯಸ್ಕಾಂತ ಹಿಡಿದು ನೋಡಿ, ಅಂಟುತ್ತದೆ. ಬೆಳ್ಳಿಯಲ್ಲೇ ನಮ್ಮ ಪ್ರಾಣಿ ಬೇಕು ಅಂದರೆ 1911ರ ಐದನೇ ಜಾರ್ಜ್ ರೂಪಾಯಿ ಹುಡುಕಿ. ರಾಜನ ನಿಲುವಂಗಿ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆ ಅಂತ ಗಲಾಟೆಯಾಗಿ ವಾಪಸ್ ಪಡೆದರು, 1912ರಲ್ಲಿ ಆನೆಯನ್ನು ತಿದ್ದಿದರು. 11.66 ಗ್ರಾಂ, 91.7 ಪರ್ಸೆಂಟ್ ಬೆಳ್ಳಿ. ನಕಲಿಗಳೂ ಬೇಕಾದಷ್ಟಿವೆ, ಆತುರ ಬೇಡ.

ಪ್ರಶ್ನೆ: ಘೇಂಡಾಮೃಗದ 25 ಪೈಸೆಗೆ ಲಕ್ಷಗಟ್ಟಲೆ ಕೊಡ್ತಾರಂತೆ, ಮೊದಲು ನೋಂದಣಿ ಶುಲ್ಕ ಕಟ್ಟಬೇಕಂತೆ?

ಉತ್ತರ: ಮೋಸ. ಹಳೇ ನಾಣ್ಯದ ವ್ಯವಹಾರಕ್ಕೆ ಶುಲ್ಕ ವಸೂಲಿ ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ಹೇಳಿದೆ.

ಪ್ರಶ್ನೆ: ಹೊಸಬರು ಯಾವುದರಿಂದ ಶುರು ಮಾಡಬೇಕು?

ಉತ್ತರ: ಕೂಕಬರಾ. ನಮ್ಮ ಮಿಂಚುಳ್ಳಿಯ ನೆಂಟ, 1990ರಿಂದ ಬರುತ್ತಿದೆ, ವರ್ಷವರ್ಷ ಚಿತ್ರ ಬದಲಾಗುತ್ತದೆ. ಮುಗಿಯುವ ಸರಣಿ ಬೇಕಾದರೆ ಕೆನಡಾದ 2011ರಿಂದ 2013ರ ವನ್ಯಜೀವಿ ನಾಣ್ಯಗಳು, ತೋಳ, ಕರಡಿ ಸೇರಿ ಒಟ್ಟು ಆರೇ.

ಪ್ರಶ್ನೆ: ಬೆಳ್ಳಿ ರೇಟು ಏರುತ್ತಾ?

ಉತ್ತರ: ಜ್ಯೋತಿಷಿಯನ್ನು ಕೇಳಿ.

ಪ್ರಶ್ನೆ: ಚಿಕ್ಕಪೇಟೆಯಲ್ಲಿ ಮಾರಿದರೆ ಕೊಟ್ಟ ಬೆಲೆ ವಾಪಸ್ ಬರುತ್ತಾ?

ಉತ್ತರ: ಬೆಳ್ಳಿ ಅಂಗಡಿಯವರು ತೂಕ, ಟಚ್ (ಶುದ್ಧತೆ) ನೋಡಿ ಆ ದಿನದ ರೇಟು ಕೊಡುತ್ತಾರೆ. ಹಕ್ಕಿ ಚಿತ್ರಕ್ಕೆ ನೀವು ಜಾಸ್ತಿ ಕೊಟ್ಟ ದುಡ್ಡು, 3 ಪರ್ಸೆಂಟ್ ಜಿಎಸ್‌ಟಿ ಎರಡೂ ಹೋದಂತೆ. ಚಿತ್ರದ ಬೆಲೆ ಬೇಕು ಅಂದರೆ ಇನ್ನೊಬ್ಬ ಸಂಗ್ರಹಕಾರರಿಗೇ ಮಾರಿ. ಬಿಲ್ ಮತ್ತು ಕ್ಯಾಪ್ಸೂಲ್ ಜೊತೆಗಿರಲಿ.