ನ್ಯಾಷನಲ್ ಲಕ್ರಾಸ್ ಲೀಗ್‌ನ ಒಂದು ಸೀಸನ್ ಹೇಗೆ ನಡೆಯುತ್ತದೆ?

ಲಕ್ರಾಸ್ ಎಂದರೆ ತುದಿಗೆ ಬಲೆಯಿರುವ ಕೋಲಿನಲ್ಲಿ ಚೆಂಡು ಹಿಡಿದು, ಎಸೆದು ಗೋಲು ಹೊಡೆಯುವ ಆಟ. 2024-25ರ ಸೀಸನ್ನನ್ನೇ ತೆಗೆದುಕೊಳ್ಳಿ. ಅಮೆರಿಕ, ಕೆನಡಾದ 14 ತಂಡಗಳು, ತಲಾ 18 ಪಂದ್ಯ, ಅರ್ಧ ತವರಿನಲ್ಲಿ. ನವೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ, ಬಹುತೇಕ ವಾರಾಂತ್ಯದಲ್ಲೇ. ಹೆಚ್ಚಿನ ಆಟಗಾರರಿಗೆ ವಾರವಿಡೀ ಬೇರೆ ಉದ್ಯೋಗವಿರುತ್ತದೆ. ಐಸ್ ಹಾಕಿ ಅಂಗಣದಲ್ಲಿ ಕೃತಕ ಹುಲ್ಲು ಹಾಸಿ ಆಡುತ್ತಾರೆ: ಗೋಲ್‌ಕೀಪರ್ ಸೇರಿ ತಂಡಕ್ಕೆ 6 ಜನ, 15 ನಿಮಿಷದ 4 ಕ್ವಾರ್ಟರ್. ಚೆಂಡು ಸಿಕ್ಕ 30 ಸೆಕೆಂಡಿನೊಳಗೆ ಗೋಲಿನತ್ತ ಹೊಡೆಯದಿದ್ದರೆ ಅದು ಎದುರಾಳಿಗೆ. ಡ್ರಾ ಇಲ್ಲ, ಓವರ್‌ಟೈಮ್‌ನಲ್ಲಿ ಮೊದಲ ಗೋಲಿಗೇ ಆಟ ಮುಗಿಯಿತು.

ಎಲ್ಲರಿಗೂ ಒಂದೇ ಅಂಕಪಟ್ಟಿ, ಮೊದಲ 8 ತಂಡ ಪ್ಲೇಆಫ್‌ಗೆ. ಕ್ವಾರ್ಟರ್ ಫೈನಲ್ ಒಂದೇ ಪಂದ್ಯ, ಮೇಲಿನ ಸ್ಥಾನದವರ ಅಂಗಣದಲ್ಲಿ. ಹಾಗಾಗಿ ಮೊದಲ ನಾಲ್ಕರೊಳಗಿರುವುದಕ್ಕೇ ನಿಜವಾದ ಪೈಪೋಟಿ. ಇಡೀ ಸೀಸನ್ ಚೆನ್ನಾಗಿ ಆಡಿದವರೂ ಒಂದು ಕೆಟ್ಟ ರಾತ್ರಿಗೆ ಮನೆಗೆ. ಸೆಮಿಫೈನಲ್, ಫೈನಲ್ ಮಾತ್ರ ಮೂರು ಪಂದ್ಯಗಳ ಸರಣಿ. ಆ ವರ್ಷ ಬಫಲೋ ಬ್ಯಾಂಡಿಟ್ಸ್ ಫೈನಲ್‌ನಲ್ಲಿ ಸಸ್ಕಾಚೆವಾನ್ ರಶ್ ತಂಡವನ್ನು 2-1ರಿಂದ ಸೋಲಿಸಿ ಸತತ ಮೂರನೇ ಬಾರಿ ಕಪ್ ಎತ್ತಿತು.